ಸಸ್ಯಶಾಸ್ತ್ರದ ಮೇಷ್ಟ್ರು ಕಂಪ್ಯೂಟರ್ ಎಂ.ಎಸ್ಸಿ. ಆದದ್ದು

ನನಗೂ ಕಂಪ್ಯೂಟರಿಗೂ ಗಂಟು ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ನಗುವಿಗೆ ಬರ ಬಂದಿಲ್ಲ. ನಿವೃತ್ತನಾಗಿ ಕೂತ ಮೇಲೂ ಒಂದೊಂದೇ ನೆನಪಾಗಿ, ಕುಡಿಯುವ ಕಾಫಿ ನೆತ್ತಿಗೇರುತ್ತದೆ.

ಪಾಚಿಯಿಂದ ಪರದೆಗೆ

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಮೇಷ್ಟ್ರು. ಆ ವರ್ಷ ನನ್ನ ವಿಷಯಕ್ಕೆ ಸೇರಿದವರು ಮೂವರು. ಅದರಲ್ಲೂ ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ಪ್ರಿನ್ಸಿಪಾಲರು ಕರೆಸಿದರು.

"ಇನ್ನೆರಡು ವರ್ಷಕ್ಕೆ ನಿಮ್ಮ ವಿಭಾಗ ಮುಚ್ಚಿ ಕಂಪ್ಯೂಟರ್ ವಿಭಾಗ ತೆಗೀತೀವಿ. ಅಷ್ಟರೊಳಗೆ ಕಂಪ್ಯೂಟರ್ ಎಂ.ಎಸ್ಸಿ. ಮಾಡ್ಕೊಂಡ್ರೆ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ."

"ಸಾರ್, ನಾನು ಓದಿದ್ದು ಪಾಚಿ."

"ಯಾವ ಡಿಗ್ರಿ ಇದ್ರೂ ಸೇರಿಸ್ಕೊಳ್ತಾರೆ. ಭದ್ರಾವತೀಲಿ, ಶನಿವಾರ ಭಾನುವಾರ ಕ್ಲಾಸು."

ಮನೆಗೆ ಬಂದು ಹೇಳಿದೆ. ನನ್ನವಳು ಅವರೆಕಾಯಿ ಸುಲಿಯುತ್ತಾ, "ಟೀವಿ ಕೆಟ್ರೆ ಅದರ ತಲೆ ಮೇಲೆ ಗುದ್ದೋರು ನೀವು. ಅಲ್ಲಿ ಸ್ವಲ್ಪ ಕೈ ಹಿಡಿತದಲ್ಲಿರಲಿ" ಅಂದಳು.

ಸೀಮೆಸುಣ್ಣದ ಕಂಪ್ಯೂಟರ್

ನಾವು ಮೂವತ್ತು ಜನ, ಕಂಪ್ಯೂಟರ್ ಎರಡು. ನನ್ನ ಪಕ್ಕ ಕೂರುತ್ತಿದ್ದವನು ಭದ್ರಾವತಿಯ ಒಂದು ಕಾರ್ಖಾನೆಯ ಫೋರ್‌ಮನ್, ಮಹಾ ಕುಚೋದ್ಯದವನು. ಯಂತ್ರಗಳು ಗಾಜಿನ ಕೋಣೆಯಲ್ಲಿದ್ದವು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಗರ್ಭಗುಡಿಯ ಹಾಗೆ. ಅಲ್ಲಿನ ಅಟೆಂಡರೇ ಮೊದಲು ಹೋಗಿ ಆನ್ ಮಾಡುತ್ತಿದ್ದ, ಅವನೇ ಆಫ್ ಮಾಡಿ ಹೊದಿಕೆ ಹೊದಿಸುತ್ತಿದ್ದ. ನಮಗೆ ತಲಾ ಐದು ನಿಮಿಷದ ದರ್ಶನ.

ಉಳಿದ ಹೊತ್ತೆಲ್ಲ ಪಾಠ ಮಾಡುವ ಮೇಡಂ ಬೋರ್ಡಿನ ಮೇಲೆ ಪರದೆ ಬರೆದು, "ಈಗ ಎಂಟರ್ ಒತ್ತಿ" ಎನ್ನುತ್ತಿದ್ದರು. ನಾವು ಡೆಸ್ಕು ಒತ್ತುತ್ತಿದ್ದೆವು. ಅವರು ಡಸ್ಟರಿನಿಂದ ಒರೆಸಿ ಮುಂದಿನ ಪರದೆ ಬರೆಯುತ್ತಿದ್ದರು. ಒಂದು ದಿನ ಪಾಠದ ನಡುವೆ ಸೀಮೆಸುಣ್ಣ ಮುಗಿದುಹೋಯಿತು. ಫೋರ್‌ಮನ್ ನನ್ನ ಕಿವಿಯಲ್ಲಿ, "ಹ್ಯಾಂಗ್ ಆಯ್ತು ಮಾರಾಯ್ರೆ" ಅಂದ.

ಅಡ್ಡಕೊಯ್ತ

ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತು ವರ್ಷ ಕಾಂಡ, ಬೇರು ಅಡ್ಡಕೊಯ್ದು ಚಿತ್ರ ಬರೆಸಿದ ಕೈ ಇದು. ಸಿಪಿಯುವಿಗೂ ಅಡ್ಡಕೊಯ್ತ ಬರೆದೆ. ಚೂಪು ಪೆನ್ಸಿಲಿನಲ್ಲಿ ಚುಕ್ಕಿಯಿಟ್ಟು, ಬಲಗಡೆ ಗೆರೆ ಎಳೆದು ಭಾಗಗಳನ್ನು ಗುರುತಿಸಿದೆ. ಒಳಗೆ ಏನಿದೆಯೋ ಯಾರು ಕಂಡವರು? ಹೊರಪೊರೆ, ಒಳಪೊರೆ ಅಂತ ಹಾಕಿದೆ. ಮೇಡಂ "ತುಂಬಾ ನೀಟಾಗಿದೆ ಸಾರ್" ಎಂದು ಹತ್ತಕ್ಕೆ ಹತ್ತು ಕೊಟ್ಟರು. ಮರುವರ್ಷದ ತಂಡದವರೂ ಅದನ್ನೇ ನಕಲು ಹೊಡೆದರಂತೆ, ಹೊರಪೊರೆ ಸಮೇತ.

ಕರೆಂಟಿಲ್ಲದ ಪರೀಕ್ಷೆ

ಕೊನೆಯ ಪ್ರಾಕ್ಟಿಕಲ್ ದಿನ ಕರೆಂಟ್ ಹೋಯಿತು. ಪರೀಕ್ಷಕರಿಗೆ ಮೂರು ಗಂಟೆಯ ಬಸ್ಸು ಹಿಡಿಯಬೇಕು.

"ಬಾಯಲ್ಲೇ ಹೇಳಿ. ಪ್ರೋಗ್ರಾಂ ಹಾಕಿ ಎಂಟರ್ ಒತ್ತಿದ್ರಿ. ಏನು ಬರುತ್ತೆ?"

ಕೆಲಸ ಹೋಗುವುದೇ ಕಣ್ಣ ಮುಂದೆ ತೇಲಿತು. "ಉತ್ತರ ಬರುತ್ತೆ ಸಾರ್."

"ಸರಿ ಉತ್ತರವೋ, ತಪ್ಪೋ?"

"ಕರೆಂಟ್ ಇದ್ದಿದ್ರೆ ತೋರಿಸ್ತಿದ್ದೆ ಸಾರ್."

ಪಾಸಾದೆ. ಅದೇ ಪ್ರಶ್ನೆಗೆ ಫೋರ್‌ಮನ್, "ನಾನು ಬರೆದದ್ದಕ್ಕೆ ಎರರ್ರೇ ಬರೋದು ಸಾರ್" ಅಂದನಂತೆ. ಸತ್ಯವಂತ ಅಂತ ಅವನಿಗೆ ನನಗಿಂತ ಐದು ಅಂಕ ಜಾಸ್ತಿ.

ಉದ್ಘಾಟನೆ

ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ಸಿದ್ಧವಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ಬಂದು ಟೇಪು ಕತ್ತರಿಸಿದರು, ಯಂತ್ರಕ್ಕೆ ಕುಂಕುಮವಿಟ್ಟರು, ಕಾಯಿ ಒಡೆದರು. ಆಮೇಲೆ ಕುರ್ಚಿಯಲ್ಲಿ ಕೂತು, "ಎಲ್ಲಿ ಮೇಷ್ಟ್ರೇ, ಶುರು ಮಾಡಿ ನೋಡೋಣ. ನಿಮ್ಮ ನೇಮಕದ ಆರ್ಡರಿಗೆ ಇವತ್ತೇ ಸೈನ್ ಹಾಕ್ತೀನಿ" ಅಂದರು.

ಆಗ ಹೊಳೆಯಿತು. ಎರಡು ವರ್ಷ ಓದಿ ಸ್ನಾತಕೋತ್ತರ ಪದವಿ ಪಡೆದ ನಾನು ಒಂದು ದಿನವೂ ಕಂಪ್ಯೂಟರ್ ಆನ್ ಮಾಡಿರಲಿಲ್ಲ. ಗುಂಡಿ ಎಲ್ಲಿದೆಯೆಂದೇ ಗೊತ್ತಿಲ್ಲ. ಗುದ್ದೋಣವೆಂದರೆ ನನ್ನವಳ ಮಾತು ಅಡ್ಡ ಬಂತು.

ಬಾಯಿಗೆ ಬರುತ್ತಿದ್ದದ್ದು ಕಂಪ್ಯೂಟರಿನ ಇತಿಹಾಸವೊಂದೇ. ಶುರು ಮಾಡಿದೆ. ಮೊದಲ ತಲೆಮಾರು, ಎರಡನೆಯದು... ಯಂತ್ರವನ್ನು ದಿಟ್ಟಿಸುತ್ತಲೇ ಮಾತಾಡಿದೆ, ಎಲ್ಲಾದರೂ ಗುಂಡಿ ಕಂಡೀತೇನೋ ಎಂದು. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ, ತೆಂಗಿನಕಾಯಿಯ ಚೂರು ಆರಿಸುತ್ತಿದ್ದ ನಮ್ಮ ಜವಾನ ಮೇಜಿನ ಕೆಳಗೆ ಕೈ ಹಾಕಿ ಏನೋ ಒತ್ತಿದ. ಯಂತ್ರ ಗುಂಯ್ ಎಂದಿತು, ಪರದೆ ಬೆಳಗಿತು.

ಅಧ್ಯಕ್ಷರು ಚಪ್ಪಾಳೆ ತಟ್ಟಿದರು. "ಭಲೆ ಮೇಷ್ಟ್ರೇ, ಮುಟ್ಟದೇ ಬರೀ ಮಾತಲ್ಲೇ ಎಬ್ಬಿಸಿದ್ರಲ್ಲ" ಅಂದು ಅಲ್ಲೇ ಸೈನ್ ಹಾಕಿದರು.

ಎಲ್ಲರೂ ಉಪ್ಪಿಟ್ಟಿಗೆ ಎದ್ದುಹೋದ ಮೇಲೆ ಜವಾನ ಹತ್ತಿರ ಬಂದು ಕೇಳಿದ, "ಸಾರ್, ಇದನ್ನ ಆಫ್ ಮಾಡೋಕೆ ಎಷ್ಟು ಹೊತ್ತು ಮಾತಾಡ್ತೀರಿ? ನಾನು ಅಷ್ಟರಲ್ಲಿ ಉಪ್ಪಿಟ್ಟು ತಿಂದು ಬರ್ತೀನಿ."