ಯಾರು ನೋಡ್ಯಾರ?

ನಮ್ಮ ದೊಡ್ಡಪ್ಪನನ್ನು ನಂಬಿಸುವವರು ಬ್ಯಾಡಗಿಯಲ್ಲಿ ಇನ್ನೂ ಹುಟ್ಟಿಲ್ಲ! “ಮಳಿ ಬಂತ್ರಿ” ಎಂದು ತೊಯ್ದು ತೊಪ್ಪೆಯಾಗಿ ನಿಂತವನಿಗೂ “ಯಾರು ನೋಡ್ಯಾರ?” ಎನ್ನುವ ಆಸಾಮಿ.

ಮೆಣಸಿನಕಾಯಿ ಪೇಟೆಯಲ್ಲಿ ಮಾಲು ಪರೀಕ್ಷಿಸುವುದು ಅವನ ಕೆಲಸ. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿಯತ್ತ ಕಣ್ಣೂ ಹಾಯಿಸದೆ, ಮೊಣಕೈವರೆಗೆ ಕೈ ತೂರಿಸಿ ಒಳಗಿನ ಕಾಯಿ ಎಳೆಯುವವನು ಮಾತನ್ನು ಪರೀಕ್ಷಿಸದೆ ಬಿಟ್ಟಾನೆಯೇ? ಇಂಥವನು ಸಾಕ್ಷಿ ಕೇಳದೆ ನಂಬಿದ್ದು ಒಂದೇ ಸಂಗತಿ: ತಾನು ಹುಟ್ಟಿದ ದಿನವೇ ತಾಯಿ ತೀರಿಕೊಂಡಳು. ‘ಹುಟ್ಟುತ್ತಲೇ ತಾಯಿಯನ್ನು ತಿಂದವನು’ ಎಂದು ಬಂಧುಗಳು ಆಡಿದ ಮಾತನ್ನು ಐವತ್ತು ವರ್ಷ ಹೊತ್ತುಕೊಂಡೇ ಇದ್ದ. ನಮ್ಮಪ್ಪ ಅಜ್ಜನ ಎರಡನೆಯ ಹೆಂಡತಿಯ ಮಗ. ಅವನಿಗೂ ಹೆಚ್ಚಿಗೆ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಧಾರವಾಡದಲ್ಲಿ ಇತಿಹಾಸದ ಎಂ.ಎ.ಗೆ ಸೇರಲಿದ್ದ ನನಗೆ ಹಾವೇರಿಯ ನಮ್ಮ ಸರ್ ಹನ್ನೊಂದು ಪುಸ್ತಕಗಳ ಪಟ್ಟಿ ಕೊಟ್ಟು, ಓದಿ ಟಿಪ್ಪಣಿ ಮಾಡಿಕೊಂಡು ಹೋಗು ಎಂದಿದ್ದರು. ಗದ್ದಲವಿಲ್ಲದ ಜಾಗವೆಂದು ದೊಡ್ಡಪ್ಪನ ಮನೆಗೆ ಹೋದೆ. ಎಂಥ ಬುದ್ಧಿ ನನ್ನದು!

“ಏನು ಬರಿಯಾಕತ್ತೀಯವ್ವಾ?”

“ಈ ರಾಜ ಒಬ್ಬನ ನಿಂತು ಸಾವಿರ ಮಂದೀನ್ನ ಕಡದನಂತ, ದೊಡ್ಡಪ್ಪಾ.”

“ಯಾರು ನೋಡ್ಯಾರ?”

“ಶಾಸನದಾಗ ಐತಿ.”

“ಶಾಸನ ಬರಸಿದಾಂವ ಯಾರು?”

“ಅವನ... ಆ ರಾಜನ.”

“ಮತ್ತ! ಮಾಲ್ ತಂದಾಂವ ತನ್ನ ಮಾಲ್ ಹುಳುಕ ಐತಿ ಅಂತಾನೇನು?”

ಅಷ್ಟಕ್ಕೇ ಬಿಟ್ಟನೇ? ನನ್ನ ನೋಟ್‌ಬುಕ್ ಕಸಿದುಕೊಂಡು ಪ್ರತಿ ಪುಟಕ್ಕೂ ಗೆರೆ ಹೊಡೆದ. ಏನಾಯಿತು, ಯಾವಾಗ ಆಯಿತು, ಯಾರು ನೋಡಿದರು, ಹೀಗೆ ಮೂರು ಕಾಲಂ. ಮೂರನೆಯದು ಖಾಲಿ ಇದ್ದರೆ ಆ ಸಾಲಿಗೆ ಕಾಟು! ಎರಡು ವಾರದಲ್ಲಿ ನಾಲ್ಕು ರಾಜವಂಶಗಳು ನೆಲಕಚ್ಚಿದವು.

ಒಂದು ಮುಂಜಾನೆ ದೊಡ್ಡವ್ವ ಬೆಕ್ಕು ಹಾಲು ಕುಡಿಯಿತೆಂದು ಗೋಳಾಡಿದಳು. ಇವನು ಕೂತಲ್ಲಿಂದಲೇ, “ಯಾರು ನೋಡ್ಯಾರ?”

“ಬೆಕ್ಕು ಕುಡದದ್ದು ನಾ ನೋಡಿಲ್ರಿ. ನಿಮಗ ಇವತ್ತು ಚಾ ಇಲ್ಲ ಅನ್ನೋದನ್ನ ಮಾತ್ರ ಮನಿಮಂದಿಯೆಲ್ಲಾ ನೋಡ್ತಾರ!”

ನಕ್ಕು ನಕ್ಕು ಸಾಕಾಗಿ ನಾನು ಬಾಯಿ ಜಾರಿ ಅಂದುಬಿಟ್ಟೆ. “ದೊಡ್ಡಪ್ಪಾ, ಎಲ್ಲಾರಿಗೂ ಕೇಳ್ತಿ. ನಿಮ್ಮವ್ವ ಹೋದದ್ದನ್ನ ಯಾರು ನೋಡ್ಯಾರ?”

ಅವನ ಮುಖ ಸಣ್ಣದಾಯಿತು. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು.

“ಕೇಳಾಕ ಅಂಜಿಕಿ ಆಗಿತ್ತವ್ವಾ. ಅದು ಖರೇನ ಇದ್ರ?” ಎಂದ. ನೋಟ್‌ಬುಕ್ ನನ್ನತ್ತ ಸರಿಸಿ, “ನೀ ಕೇಳಿಕೊಂಡು ಬರ್ತೀಯೇನು?” ಎಂದ.

ಅವನು ಹುಟ್ಟಿದ್ದು ತಾಯಿಯ ತವರು ಕದರಮಂಡಲಗಿಯಲ್ಲಿ. ಬ್ಯಾಡಗಿಯ ಮಂದಿಯೆಲ್ಲ ಶನಿವಾರ ಅಲ್ಲಿಯ ಆಂಜನೇಯನಿಗೆ ಹೋಗಿಬಂದರೂ ಇವನು ಮಾತ್ರ ಆ ಬಸ್ಸು ಹತ್ತಿದವನಲ್ಲ. ನಾನು ಹತ್ತಿದೆ. ತವರಿನವರು ಯಾರೂ ಉಳಿದಿರಲಿಲ್ಲ. ಪಕ್ಕದ ಮನೆಯ ಮುಸಲ್ಮಾನರ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳನ್ನೇ ಕೇಳಿದೆ.

“ಹುಟ್ಟಿದ ದಿನಾನ? ಯಾವ ಹಾಟ್ಯಾ ಹೇಳಿದ? ಕೂಸಿಗೆ ಐದು ತಿಂಗಳಾಗಿತ್ತು. ಜ್ವರ ಬಂದು ಹೋದಳು ಪಾಪ. ಕೂಸಿನ್ನ ತೊಟ್ಟಿಲಿಗೆ ಹಾಕಾಕ ಕೊಡ್ತಿದ್ದಿಲ್ಲ, ತೊಡಿ ಮ್ಯಾಲ ಇಟಗೊಂಡ ಕುಂದ್ರಾಕಿ. ಹೊಟ್ಟಿತುಂಬ ಹಾಲು ಕುಡಿಸಿ, ‘ನನ್ನ ಧಣಿ’ ಅಂತಿದ್ಲು.”

“ನೀವು ನೋಡೀರೇನಜ್ಜಿ?” ನನಗೂ ರೋಗ ಅಂಟಿತ್ತಲ್ಲ!

“ಜ್ವರ ಏರಿದಾಗ ಅಕಿ ಕೈಯಾಗಿಂದ ಕೂಸಿನ್ನ ಇಸಗೊಂಡಾಕಿನ ನಾನು.”

ಮೂರೂ ಕಾಲಂ ತುಂಬಿ ಸಂಜೆಯ ಬಸ್ಸಿಗೆ ಮರಳಿದೆ. ಮುಂದೆ ಎಂ.ಎ. ಮುಗಿಸಿ ನಾನು ಎಷ್ಟೋ ಟಿಪ್ಪಣಿ ಬರೆದೆ. ಆದರೆ ಆ ಸಂಜೆ ದೊಡ್ಡಪ್ಪನ ಮುಂದೆ ಓದಿದಷ್ಟು ಅಂಜಿಕೊಂಡು ಯಾವುದನ್ನೂ ಓದಿಲ್ಲ. ಓದಿ ಮುಗಿಸಿ, ಇನ್ನೇನು ಹತ್ತು ಪ್ರಶ್ನೆ ಬಂದವು ಎಂದು ಕಾದೆ. ಒಂದೂ ಬರಲಿಲ್ಲ. ದೊಡ್ಡಪ್ಪ ಕೂಸಿನ ಹಾಗೆ ಅಳುತ್ತಿದ್ದ. ಒಲೆಯ ಮುಂದಿದ್ದ ದೊಡ್ಡವ್ವ ಬಂದು ಅವನ ಬೆನ್ನು ಸವರಿದಳು.

“ಅದ... ಹಾಲು ಕುಡಿಸಿದ್ಲು ಅಂತೈತೆಲ್ಲ,” ಎಂದ ಕೊನೆಗೆ, “ಅದನ್ನಷ್ಟ ಇನ್ನೊಮ್ಮೆ ಓದವ್ವಾ.”

ಓದಿದೆ.