ಬೆಂಕಿಗೆ ಹೆದರದ ಜಾಗ

ಹೆಂಡತಿ: ಮನೆ ಪತ್ರ ಎಲ್ಲಿ ಅಂದ್ರೆ ‘ಭದ್ರವಾಗಿದೆ’ ಅಂತೀರಿ. ನಾನು ಕೇಳಿದ್ದು ಎಲ್ಲಿದೆ ಅಂತ. ಅದರ ಯೋಗಕ್ಷೇಮ ವಿಚಾರಿಸಲಿಲ್ಲ.

ಗಂಡ: ಬೆಂಕಿ ಬಿದ್ರೂ ಏನೂ ಆಗದ ಜಾಗದಲ್ಲಿದೆ ಕಣೇ.

ಹನ್ನೊಂದಕ್ಕೆ ನೋಂದಣಿ ಕಚೇರಿಯಲ್ಲಿರಬೇಕು. ಗಂಡನೊಬ್ಬನ ಹೆಸರಿನಲ್ಲಿರುವ ಮನೆಗೆ ಇವತ್ತು ಅವಳ ಹೆಸರೂ ಸೇರಬೇಕು. ವರ್ಷಗಟ್ಟಲೆ ‘ಆಗಲಿ ಬಿಡು’ ಎನ್ನಿಸಿಕೊಂಡ ಕೆಲಸ. ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಬ್ರೆಡ್ ಅಂಗಡಿಯ ಯಜಮಾನನಾದ ಗಂಡ ಇನ್ನೂ ತಲೆ ಒರೆಸಿಕೊಳ್ಳುತ್ತಿದ್ದಾನೆ. ಪತ್ರ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವನ ಬಾಯಿಂದಲೇ ಕೇಳಬೇಕೆಂಬ ಆಸೆ, ಅಷ್ಟೇ.

ಹೆಂಡತಿ: ಬೆಂಕಿ ತಾಗದ ಜಾಗ ನಮ್ಮನೇಲಿ ಯಾವುದಪ್ಪಾ? ನಿಮ್ಮ ತಲೆ ಬಿಟ್ರೆ ಇನ್ನೊಂದು ಕಾಣೆ.

ಗಂಡ: ನಗು, ನಗು. ಹಿಂದಿನ ಬೀದಿ ದರ್ಜಿ ಮನೆ ಸುಟ್ಟಮೇಲೆ ಅವನ ಪಾಡು ನೋಡಿದೀಯಲ್ಲ? ತಾನು ತಾನೇ ಅಂತ ತೋರಿಸೋಕೆ ಒಂದು ಚೂರು ಕಾಗದ ಇಲ್ಲದೆ ಅಲೀತಿದಾನೆ.

ಹೆಂಡತಿ: ಅದಕ್ಕೇ ಎಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ರ ನೇತುಹಾಕಿದ್ದೆ, ಎತ್ಕೊಂಡು ಓಡೋಕೆ. ಒಂದೊಂದು ನಕಲು ನನ್ನ ತಂಗಿ ಮನೇಲಿಡಿ ಅಂತಲೂ ಹೇಳಿದ್ದೆ.

ಗಂಡ: ಓಡೋವಾಗ ಚೀಲ ಯಾರಿಗೆ ನೆನಪಿರುತ್ತೆ? ಚೀಲದಲ್ಲಿದ್ದದ್ದನ್ನೆಲ್ಲ ಹಿತ್ತಲಿನ ಭಟ್ಟಿಯೊಳಗೆ ಇಟ್ಟಿದೀನಿ.

ಹೆಂಡತಿ: ಭಟ್ಟಿಯೊಳಗೆ! ಬ್ರೆಡ್ ಸುಡ್ತಿದ್ದ ಭಟ್ಟಿ?

ಗಂಡ: ಅಪ್ಪ ಕಟ್ಟಿಸಿದ್ದು. ಅವರ ಕಾಲದುದ್ದಕ್ಕೂ ಒಳಗೆ ಸೌದೆ ಉರೀತು, ಒಂದು ದಿನ ಬೆಂಕಿ ಹೊರಗೆ ಬಂತಾ? ಒಳಗಿನ ಬೆಂಕಿ ಹೊರಗೆ ಬರೋಲ್ಲ ಅಂದ್ಮೇಲೆ ಹೊರಗಿನದು ಒಳಗೆ ಹೇಗೆ ಹೋಗುತ್ತೆ? ಅಂಗಡಿಗೆ ಕರೆಂಟಿನ ಓವನ್ ಬಂದಮೇಲೆ ಅದನ್ನ ಯಾರೂ ಮುಟ್ಟೇ ಇಲ್ಲ.

ಹೆಂಡತಿ: ಆಹಾ! ಬೆಕ್ಕಿಗೆ ಹಾಲು ಸಿಗಬಾರದು ಅಂತ ಬೆಕ್ಕಿನ ಹೊಟ್ಟೆಯೊಳಗೇ ಬಚ್ಚಿಟ್ಟ ಹಾಗಾಯ್ತು.

ಅಷ್ಟರಲ್ಲಿ ಅತ್ತೆ, ಕೈಗೆ ಮೆತ್ತಿದ ಮಸಿ ಒರೆಸಿಕೊಳ್ಳುತ್ತ ಹಿತ್ತಲಿನಿಂದ ಬಂದರು.

ಅತ್ತೆ: ಭಟ್ಟಿ ಹೊತ್ತಿಸಿದೆ ಕಣೋ. ತೇವ ಹಿಡಿದು ಇಟ್ಟಿಗೆ ಉದುರ್ತಿತ್ತು, ಸ್ವಲ್ಪ ಒಣಗಲಿ ಅಂತ. ಯಾರೋ ಪುಣ್ಯಾತ್ಮರು ಮೊದಲೇ ಒಳಗೆ ಕಾಗದ ಇಟ್ಟಿದ್ರು ನೋಡು, ಒಂದೇ ಕಡ್ಡಿಗೆ ಭಗ್ ಅಂತು!

ಟವೆಲ್ ಕೆಳಗೆ ಬಿತ್ತು. ಗಂಡ ಹಿತ್ತಲಿಗೆ ಓಡಿ, ಕಬ್ಬಿಣದ ಬಾಗಿಲು ತೆಗೆದು, ಅರ್ಧ ಹುಬ್ಬು ಸುಟ್ಟುಕೊಂಡು ವಾಪಸು ಬಂದ.

ಗಂಡ: ಹೋಯ್ತು! ಮನೆ ಪತ್ರ ಹೋಯ್ತು! ಅಮ್ಮಾ, ಒಂದ್ಸಲ ನೋಡಬಾರದಿತ್ತಾ?

ಅತ್ತೆ: ಕಾಗದ ಓದಿ ನೋಡಿ ಭಟ್ಟಿ ಹೊತ್ತಿಸೋ ಪದ್ಧತಿ ನಿಮ್ಮಪ್ಪನ ಕಾಲದಲ್ಲಿ ಇರಲಿಲ್ಲಪ್ಪ.

ಹೆಂಡತಿ ಅವಸರವಿಲ್ಲದೆ ತನ್ನ ಕೈಚೀಲದಿಂದ ಮನೆ ಪತ್ರ ತೆಗೆದು ಮೇಜಿನ ಮೇಲಿಟ್ಟಳು.

ಹೆಂಡತಿ: ಸಾಕು, ಕಣ್ಣೊರೆಸಿಕೊಳ್ಳಿ. ನೀವಿಟ್ಟ ದಿನವೇ ತೆಗೆದೆ. ಇದು, ನನ್ನ ಗುರುತಿನ ಚೀಟಿ, ಅತ್ತೇದು, ಎಲ್ಲ ಇದೆ.

ಗಂಡ: ದೇವತೆ ಕಣೇ ನೀನು! ಎಲ್ಲಿ, ನಂದೂ ಕೊಡು.

ಹೆಂಡತಿ: ನಿಮ್ಮದು ನಾನು ಮುಟ್ಟಲಿಲ್ಲ. ಮುಟ್ಟಿದ್ರೆ ಊರು ಒಂದು ಮಾಡ್ತೀರಲ್ಲ. ಹೇಗೂ ಭಟ್ಟಿ ಮೇಲೆ ನಿಮಗೆ ಅಷ್ಟು ನಂಬಿಕೆ, ಅಲ್ಲೇ ಇರಲಿ ಅಂತ...

ಅವಳು ನಿಧಾನವಾಗಿ ಚಪ್ಪಲಿ ಬಿಟ್ಟಳು.

ಗಂಡ: ಮನೇಲಿ ಪಾಲು ಕೊಡೋನು ನಾನೇ ಅನ್ನೋದಕ್ಕೆ ಕಚೇರೀಲಿ ಗುರುತು ಕೇಳ್ತಾರಲ್ವಾ?

ಅತ್ತೆ: ಕೇಳಲಿ. ನಾನೇ ಬಂದು ಹೇಳ್ತೀನಿ, ಇವನು ನನ್ನ ಮಗ ಅಂತ.

ಹೆಂಡತಿ: ಅದಕ್ಕೂ ಕಾಗದ ಕೇಳ್ತಾರೆ ಅತ್ತೆ. ಅದೂ ಅಲ್ಲೇ ಉರೀತಿದೆ.

ಹನ್ನೊಂದರ ಸರದಿ ಬೇರೆಯವರ ಪಾಲಾಯಿತು. ಹೊಸ ಗುರುತಿನ ಚೀಟಿ ಬರುವವರೆಗೆ ಮನೆ ಗಂಡನೊಬ್ಬನದೇ. ಮರುದಿನ ಬೆಳಿಗ್ಗೆ ಅರ್ಜಿ ಹಿಡಿದು ಅವನು ಸಾಲಿನಲ್ಲಿ ನಿಂತ, ದರ್ಜಿಯ ಹಿಂದೆ.