ಡಚ್ಚರ ಮಾತಿಗೆ ನಮಗೆ ಮೆಮೊ

ನೂರಾರು ವರ್ಷಗಳ ಹಿಂದೆ ಡಚ್ಚರು ಜಪಾನಿಗೆ ವ್ಯಾಪಾರಕ್ಕೆ ಹೋಗಿ, ತಮ್ಮ ಒಂದಷ್ಟು ಮಾತುಗಳನ್ನು ಅಲ್ಲೇ ಬಿಟ್ಟು ಬಂದರಂತೆ. ಅದಕ್ಕೆ ಎಂಬತ್ತರ ದಶಕದಲ್ಲಿ ತಮಿಳುನಾಡಿನ ಗಡಿಯ ಹೊಸೂರಿನ ನಾವು ಬೈಸಿಕೊಳ್ಳಬೇಕಿತ್ತೇ? ನಾನು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಯಂತ್ರ ಕೂರಿಸಲು ಜಪಾನಿನ ಇಂಜಿನಿಯರೊಬ್ಬರು ಬಂದಿದ್ದರು. ಅವರು ಬಾಯಿ ತೆರೆದರೆ ನಮಗೆ ಗ್ರಹಚಾರ.

೧. ಕೊಪ್ಪು

ಕ್ಯಾಂಟೀನಿನ ಸ್ಟೀಲ್ ಲೋಟ ಅವರ ಕೈ ಸುಟ್ಟಿತು. ಗಾಜಿನ ಲೋಟ ಕೊಡಿ ಎನ್ನಲು "ಕೊಪ್ಪು" ಅಂದರು. ಗುಮ್ಮಳಾಪುರದ ಅಡುಗೆಯವನು, "ಕಪ್ಪಗೆ ಬೇಕಾ? ಕೊಡ್ತೀನಿ ಬುಡಿ" ಎಂದು ಅದೇ ಸ್ಟೀಲ್ ಲೋಟದಲ್ಲಿ ಹಾಲಿಲ್ಲದ ಡಿಕಾಕ್ಷನ್ ತಂದ. ಅವರು ಮತ್ತೆ "ಕೊಪ್ಪು" ಅಂದರು. ಇವನು ಇನ್ನೆರಡು ಚಮಚ ಪುಡಿ ಹಾಕಿದ. ಮೂರನೆಯದನ್ನು ಕುಡಿದ ಮೇಲೆ ಇಂಜಿನಿಯರು ಒಂದೇ ಸಮನೆ ಎರಡು ಶಿಫ್ಟ್ ಕೆಲಸ ಮಾಡಿದರು. ನಮ್ಮನ್ನೂ ಮನೆಗೆ ಬಿಡಲಿಲ್ಲ.

೨. ಗೋಮು

ಯಂತ್ರದ ಪೂಜೆಯಾದ ಮರುದಿನ ಪೈಪಿನಲ್ಲಿ ಎಣ್ಣೆ ಸೋರಿತು. "ಗೋಮು, ಗೋಮು" ಎಂದು ನನ್ನ ಹತ್ತಿರ ಬಂದರು. ಅವರು ಕೇಳಿದ್ದು ರಬ್ಬರು. ನನಗೇನು ಕನಸು ಬಿದ್ದಿತ್ತೇ? ಫೋರ್‌ಮನ್, "ನೆನ್ನೆ ಪೂಜಾರಪ್ಪ ಗೋಮೂತ್ರ ಚಿಮುಕಿಸ್ತಲ್ಲ, ಅದನ್ನೇ ಕೇಳ್ತಾವ್ರೆ ಕಣ್ಲಾ" ಅಂದ. ಪಕ್ಕದ ಆಲಸನತ್ತಂ ಊರಿನಿಂದ ಒಂದು ಕ್ಯಾನು ತರಿಸಿಕೊಟ್ಟೆ. ಇಂಜಿನಿಯರು ಮೂಸಿ ನೋಡಿ ಕಣ್ಣು ಮುಚ್ಚಿಕೊಂಡರು. ಮ್ಯಾನೇಜರು ನನ್ನನ್ನು ಕರೆಸಿ ಎಗರಾಡಿದರು. ಗೋಮೂತ್ರ ಯಾಕೆ ತರಿಸಿದೆ ಎಂದಲ್ಲ, ಇಂಡೆಂಟ್ ಚೀಟಿ ಇಲ್ಲದೆ ಯಾಕೆ ತರಿಸಿದೆ ಎಂದು.

೩. ಪೆಂಕಿ

ಯಂತ್ರಕ್ಕೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಮತ್ತಿಗಿರಿಯ ನಮ್ಮ ವಾಚ್‌ಮನ್ ಅದಕ್ಕೆ ಒರಗಲು ಹೋದ. ಹಸಿ ಬಣ್ಣ ಎಂದು ಎಚ್ಚರಿಸಲು ಇಂಜಿನಿಯರು "ಪೆಂಕಿ, ಪೆಂಕಿ" ಎಂದು ಕೂಗಿದರು. ವಾಚ್‌ಮನ್‌ಗೆ ಕೇಳಿಸಿದ್ದು ಬೆಂಕಿ. ಗೋಡೆಗೆ ನೇತುಹಾಕಿದ್ದ ಕೆಂಪು ಬಕೆಟ್ಟುಗಳ ಮರಳನ್ನೆಲ್ಲ ಅದರ ಮೇಲೆ ಸುರಿದ. ನಾವೆಲ್ಲ ರಸ್ತೆಗೆ ಓಡಿದೆವು. ವಾಪಸು ಬಂದು ನೋಡಿದರೆ ಯಂತ್ರ ರವೆಯಲ್ಲಿ ಹೊರಳಿಸಿ ತೆಗೆದಂತಿತ್ತು.

ಮ್ಯಾನೇಜರು ವಾಚ್‌ಮನ್‌ಗೆ ತಮಿಳಿನಲ್ಲಿ ಮೆಮೊ ಟೈಪು ಮಾಡಿಸಿದರು: ವಿವರಣೆ ಕೊಡದಿದ್ದರೆ ಕೆಲಸವಿಲ್ಲ. ನನಗೆ ಮೈ ಉರಿಯಿತು. ಬೆಂಕಿ ಎಂದಾಗ ಓಡಿದವರಿಗೆ ಏನೂ ಇಲ್ಲ, ಆರಿಸಲು ನಿಂತವನಿಗೆ ಮೆಮೊ.

ವಿಚಾರಣೆಗೆ, ಇನ್ನೊಂದು ಯಂತ್ರ ನೋಡಲು ಆ ವಾರ ಬಂದಿದ್ದ ಒಬ್ಬ ಡಚ್ ಇಂಜಿನಿಯರೂ ಕೂತಿದ್ದರು. ಅವರು ಇಂಗ್ಲಿಷಿನಲ್ಲಿ, "ಪೆಂಕಿ ಮೂಲದಲ್ಲಿ ನಮ್ಮದೇ ಮಾತು. ನಾವು ಡಾಂಬರಿಗೆ ಪೆಕ್ ಅಂತೀವಿ, ಜಪಾನಿನಲ್ಲಿ ಅದೇ ಬಣ್ಣದ ಹೆಸರಾಯಿತು" ಎಂದು ಹೆಮ್ಮೆಯಿಂದ ಹೇಳಿದರು. ನಾನು ಅದನ್ನು ವಾಚ್‌ಮನ್‌ಗೆ ಕನ್ನಡದಲ್ಲಿ ಹೇಳಿದೆ.

ಅವನು ಎದ್ದು ಹೋಗಿ ಮೆಮೊವನ್ನು ಡಚ್ ಸಾಹೇಬರ ಮುಂದಿಟ್ಟ. "ಹಂಗಾರೆ ಇದು ನಿಮ್ದು ಸಾಮಿ. ತಗಳಿ" ಅಂದ.

ತಮಿಳು ಬಾರದ ಸಾಹೇಬರು ನಗುತ್ತಾ ಪೆನ್ನು ತೆಗೆದು, 'ತಪ್ಪಿತಸ್ಥನ ಸಹಿ' ಎಂದಿದ್ದ ಕಡೆ ಸಹಿ ಹಾಕಿದರು.